ಉಪ್ಪಿಲ್ಲದ ಸಾರಿನ ಮೇಡಂ

ದಿನಾ ಬೆಳಿಗ್ಗೆ ದೀಪ ಹಚ್ಚಿ, 'ತಂದೆ, ಇವತ್ತೊಂದು ದಿನ ಯಾರನ್ನೂ ಮನಸ್ಸಿನಲ್ಲಿ ಬೈಯದ ಹಾಗೆ ಕಾಪಾಡು' ಎಂದು ಬೇಡಿಕೊಂಡೇ ನಾನು ಕೆಲಸಕ್ಕೆ ಹೊರಡುವುದು. ಹತ್ತೂವರೆಯ ಹೊತ್ತಿಗೆ ದೇವರೂ ಕೈಚೆಲ್ಲಿರುತ್ತಾನೆ. ದೊಡ್ಡಬಳ್ಳಾಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ರೋಗಿಗಳ ಪಥ್ಯ ನೋಡಿಕೊಳ್ಳುವ ಡಯಟಿಷಿಯನ್ ನಾನು. ವಾರ್ಡಿನವರ ಬಾಯಲ್ಲಿ 'ಉಪ್ಪಿಲ್ಲದ ಸಾರಿನ ಮೇಡಂ'. ಆ ಪಥ್ಯ ವಿಭಾಗಕ್ಕೆ ಮ್ಯಾನೇಜರ್ ಆಗಬೇಕೆನ್ನುವುದು ನನ್ನ ಎಂಟು ವರ್ಷದ ಪ್ರಾರ್ಥನೆ.

ಸಂದರ್ಶನ

ಆಸ್ಪತ್ರೆಯ ಯಜಮಾನರು ಮಗ್ಗದ ಶೆಡ್ಡುಗಳಿಂದ ಮೇಲೆ ಬಂದವರು. ಎಂಟು ವರ್ಷದ ಹಿಂದೆ ನಾನು ಕೆಲಸ ಕೇಳಿ ಹೋದಾಗ, ನನ್ನ ಎಂ.ಎಸ್ಸಿ. ಸರ್ಟಿಫಿಕೇಟನ್ನು ಸೀರೆಯ ಅಂಚು ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿ, "ನೂರು ಜನಕ್ಕೆ ಬಿಸಿಬೇಳೆಬಾತ್ ಮಾಡ್ತೀಯೇನಮ್ಮಾ?" ಎಂದರು.

"ಅಡುಗೆ ಮಾಡೋದಲ್ಲ ಸಾರ್ ನನ್ನ ಕೆಲಸ. ಕಿಡ್ನಿ ರೋಗಿಗೆ ಎಷ್ಟು ಉಪ್ಪು, ಆಪರೇಷನ್ ಆದೋರಿಗೆ ಎಷ್ಟು ಪ್ರೋಟೀನ್, ಅದನ್ನ ಹೇಳೋದು."

"ಒಲೆ ಮುಂದೆ ನಿಲ್ಲಲ್ಲ, ಬರೀ ಹೇಳೋದು?"

"ಹೌದು ಸಾರ್."

"ನಮ್ಮನೇಲಿ ನಮ್ಮತ್ತೇನೂ ಇದನ್ನೇ ಮಾಡ್ತಾರೆ ಕಣಮ್ಮ. ಅವರಿಗೆ ಸಂಬಳ ಕೊಡಲ್ಲ."

ಪ್ರಸಾದ

ಕಾಲಿನ ಗಾಯ ಒಣಗದೆ ಸೇರಿದ್ದ, ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿ. ಮಗ ನಾಲ್ಕು ಡಬ್ಬಿಯ ಕ್ಯಾರಿಯರ್ ತುಂಬ ಹೋಳಿಗೆ ತಂದ. ತಡೆದೆ. ಅವನು ನನ್ನ ಹಣೆಯನ್ನೇ ನೋಡಿ, "ಇದು ಪ್ರಸಾದ ಮೇಡಂ. ಇಷ್ಟಗಲ ಕುಂಕುಮ ಇಟ್ಕೊಂಡಿರೋ ನೀವೇ ಬೇಡ ಅಂದ್ಬಿಟ್ರೆ ಹೆಂಗೆ?" ಎಂದ.

ನನ್ನ ಭಕ್ತಿಯನ್ನೇ ನನ್ನ ಮೇಲೆ ತಿರುಗಿಸುವ ಜಾಣತನ ಆ ವಾರ್ಡಿನಲ್ಲಿ ಎಲ್ಲರಿಗೂ ಇದೆ. ಮಾತ್ರೆ ಕೊಡುವ ಹೊತ್ತು ಮಾತ್ರ ಒಬ್ಬರಿಗೂ ನೆನಪಿರುವುದಿಲ್ಲ.

"ಪ್ರಸಾದ ಅಂಗೈಗೆ ಒಂದು ಚೂರು ಹಾಕ್ತಾರಪ್ಪಾ. ನಾಲ್ಕು ಡಬ್ಬಿ ಕೊಡೋದು ಯಾವ ದೇವರು?"

"ನಮ್ಮನೆ ದೇವರು ಮೇಡಂ. ಸ್ವಲ್ಪ ಧಾರಾಳಿ."

ಅಜ್ಜಿ ಮಂಚದಿಂದಲೇ ಕೂಗಿತು: "ಲೇ, ತುಪ್ಪಾನೂ ಕಳಿಸಿದಾನಾ ನೋಡೋ!"

ಹಸಿರು ತಟ್ಟೆ

ನಮ್ಮ ಅಡುಗೆಮನೆಯ ಗುತ್ತಿಗೆ ಯಜಮಾನರ ಭಾವಮೈದನದು. ಆತನಿಗೆ ಇದ್ದ ಏಕೈಕ ಅರ್ಹತೆ ಅಕ್ಕನ ಮದುವೆ. ಸಕ್ಕರೆ ಕಾಯಿಲೆಯವರ ಊಟಕ್ಕೂ ಮಾಮೂಲಿ ಊಟಕ್ಕೂ ಒಂದೇ ಅನ್ನ, ಒಂದೇ ಪಾಯಸ ಹೋಗುತ್ತಿರುವುದನ್ನು ಕಂಡು, "ಎರಡಕ್ಕೂ ಏನಪ್ಪಾ ವ್ಯತ್ಯಾಸ?" ಎಂದು ಅವನನ್ನೇ ಕೇಳಿದೆ.

"ತಟ್ಟೆ ಮೇಡಂ. ಶುಗರ್‌ನೋರಿಗೆ ಹಸಿರು ತಟ್ಟೆ."

ದೇವರು ತಾಳ್ಮೆ ಕೊಡಲಿ ಎಂದುಕೊಂಡು ಯಜಮಾನರ ಬಳಿ ಹೋಗಿ ದೂರಿದೆ. ಅವರು ಗಂಭೀರವಾಗಿ ಎಲ್ಲ ಕೇಳಿಸಿಕೊಂಡು, "ಹುಡುಗನ ತಲೆ ನೋಡಮ್ಮ! ಮುಂದಿನ ತಿಂಗಳು ತಪಾಸಣೆಗೆ ಬರ್ತಾರೆ. ಅದು ಮುಗೀಲಿ, ಇವನನ್ನೇ ಪಥ್ಯ ವಿಭಾಗಕ್ಕೆ ಮ್ಯಾನೇಜರ್ ಮಾಡ್ಬಿಡ್ತೀನಿ" ಎಂದರು.

ತಪಾಸಣೆ

ಆಸ್ಪತ್ರೆಗೆ ಗುಣಮಟ್ಟದ ಸರ್ಟಿಫಿಕೇಟ್ ಕೊಡುವ ಅಧಿಕಾರಿ ಬಂದರು. ಭಾವಮೈದ ಅಂದು ಕೋಟು ಹಾಕಿಕೊಂಡು, ಮ್ಯಾನೇಜರ್ ಆಗಿಯೇಬಿಟ್ಟವನಂತೆ ಮುಂದೆ ಮುಂದೆ ನಡೆದ. ಯಜಮಾನರು ಅಧಿಕಾರಿಯ ಪಕ್ಕದಲ್ಲಿ. ನಾನು ಹಿಂದೆ, ಮನಸ್ಸಿನಲ್ಲೇ ಸ್ತೋತ್ರ ಹೇಳಿಕೊಳ್ಳುತ್ತಾ.

ಪ್ರತಿ ಹೊತ್ತಿನ ಅಡುಗೆಯಲ್ಲೂ ಸ್ವಲ್ಪ ತೆಗೆದು ಒಂದು ದಿನ ಫ್ರಿಜ್ಜಿನಲ್ಲಿ ಇಡಬೇಕು ಎಂಬುದು ನಮ್ಮಲ್ಲಿ ನಿಯಮ. ಯಾರಿಗಾದರೂ ಹೊಟ್ಟೆ ಕೆಟ್ಟರೆ ಅದನ್ನು ಪರೀಕ್ಷೆಗೆ ಕಳಿಸುತ್ತಾರೆ. ಅಧಿಕಾರಿ ಫ್ರಿಜ್ ತೆಗೆಸಿದರು. ಡಬ್ಬಿಗಳು ಸಾಲಾಗಿದ್ದವು, ಮೇಲೆ ಚೀಟಿಯೂ ಇತ್ತು: ಅನ್ನ, ಸಾರು, ಪಲ್ಯ. ಒಳಗೆ ಮಾತ್ರ ಏನೂ ಇರಲಿಲ್ಲ.

"ನಿನ್ನೆ ಮಧ್ಯಾಹ್ನದ ಸ್ಯಾಂಪಲ್ ಎಲ್ಲಿ?"

ಭಾವಮೈದ ಹೆಮ್ಮೆಯಿಂದ ಹೊಟ್ಟೆ ತಟ್ಟಿಕೊಂಡ. "ಇಲ್ಲೇ ಇದೆ ಸಾರ್. ವೇಸ್ಟ್ ಆಗ್ಬಾರ್ದಲ್ಲ? ಇಪ್ಪತ್ನಾಲ್ಕು ಗಂಟೆ ನೋಡ್ತಾ ಇದೀನಿ. ಇನ್ನೂವರೆಗೂ ಏನೂ ಆಗಿಲ್ಲ."

ಅಧಿಕಾರಿ ಒಂದು ನಿಮಿಷ ಅವನ ಹೊಟ್ಟೆಯನ್ನೇ ನೋಡಿದರು. ಆಮೇಲೆ ಪೆನ್ನು ತೆಗೆದು, "ಈ ವಿಭಾಗಕ್ಕೆ ಜವಾಬ್ದಾರರು ಯಾರು?" ಎಂದರು.

ಯಜಮಾನರು ಭಾವಮೈದನನ್ನು ನೋಡಿದರು, ಪೆನ್ನನ್ನು ನೋಡಿದರು, ಥಟ್ಟನೆ ನನ್ನ ಕಡೆ ಬೆರಳು ತೋರಿಸಿದರು: "ಈಯಮ್ಮನೇ ಸಾರ್! ಇವರೇ ನಮ್ಮ ಮ್ಯಾನೇಜರ್ರು!"

ಎಂಟು ವರ್ಷದ ಪ್ರಾರ್ಥನೆ ಫಲಿಸಿತು. ಕಣ್ಣು ಮುಚ್ಚಿ ಕೈಮುಗಿದೆ. ಕಣ್ಣು ತೆರೆದಾಗ ಅಧಿಕಾರಿ ನನ್ನ ಮುಂದೆ ಒಂದು ಹಾಳೆ ಹಿಡಿದು ನಿಂತಿದ್ದರು. ಮ್ಯಾನೇಜರ್ ಆಗಿ ನಾನು ಹಾಕಿದ ಮೊದಲ ಸಹಿ, 'ಸ್ಯಾಂಪಲ್‌ಗಳು ಗುತ್ತಿಗೆದಾರರ ಹೊಟ್ಟೆಯಲ್ಲಿ ಪತ್ತೆಯಾಗಿವೆ' ಎಂಬ ಸಾಲಿನ ಕೆಳಗೆ.