ನಾಗರಬಾವಿಗೆ ಮೂರು ಸರ್ಕಲ್

ನಾನು ಸ್ಟೀರಿಂಗ್ ಹಿಡಿದ ದಿನ ರಸ್ತೆಯಲ್ಲಿ ಏನಾದರೂ ಆಗದೇ ಇರುವುದಿಲ್ಲ. ತಪ್ಪು ನನ್ನದಲ್ಲ, ಸರ್ಕಲ್‌ಗಳದ್ದು. ನಮ್ಮ ವಿಜಯನಗರದ ಮನೆಯಿಂದ ನಾಗರಬಾವಿಯ ನಾದಿನಿ ಮನೆಗೆ ಹೋಗಬೇಕಾದರೆ ಮೂರು ಸರ್ಕಲ್ ದಾಟಬೇಕು. ಕಾರು ನಾನೇ ಆಸೆಪಟ್ಟು ತೆಗೆದುಕೊಂಡದ್ದು. ಆದರೂ ನಮ್ಮ ಯಜಮಾನರು ಒಂದು ಷರತ್ತು ಹಾಕಿದರು. "ಯುಗಾದಿಯೊಳಗೆ ಒಬ್ಬಳೇ ನಾಗರಬಾವಿಗೆ ಹೋಗಿ ಬಾ. ಇಲ್ಲಾಂದ್ರೆ ಕೀ ನನ್ನ ಹತ್ರಾನೇ ಇರುತ್ತೆ."

ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ವೃತ್ತದ ಪಾಠ ಮಾಡಿದವಳು ನಾನು. ಮೂರು ವೃತ್ತಕ್ಕೆ ಹೆದರುತ್ತೇನೆಯೇ? ಹೆದರುತ್ತೇನೆ ಅಂತ ಆಮೇಲೆ ಗೊತ್ತಾಯಿತು.

ಕಣ್ಣು ಕೂಡಬಾರದು

ಡ್ರೈವಿಂಗ್ ಸ್ಕೂಲಿನ ಮಾಸ್ಟರು ಮೊದಲ ಸರ್ಕಲ್ ಹತ್ತಿರ ಕಾರು ನಿಲ್ಲಿಸಿ ಹೇಳಿದರು, "ಮೇಡಮ್, ಒಂದೇ ರೂಲು. ಎದುರಿನ ಡ್ರೈವರ್ ಕಣ್ಣು ನೋಡ್ಬೇಡಿ. ನೋಡಿದ್ರೋ, ನೀವು ಅವನನ್ನ ನೋಡಿದೀರ ಅಂತ ಅವನಿಗೆ ಗೊತ್ತಾಗುತ್ತೆ. ಆಮೇಲೆ ನೀವೇ ನಿಲ್ಲಿಸ್ಬೇಕು."

"ನೋಡದೇ ಇದ್ರೆ?"

"ಅವನು ಹೆದರ್ಕೊಂಡು ನಿಲ್ಲಿಸ್ತಾನೆ."

"ಅವನ ಮಾಸ್ಟರೂ ಅವನಿಗೆ ಇದೇ ಹೇಳಿಕೊಟ್ಟಿದ್ರೆ?"

ಮಾಸ್ಟರು ತಮ್ಮ ಸೀಟ್ ಬೆಲ್ಟ್ ಹಾಕಿಕೊಂಡರು.

ಎಳನೀರಿನವನ ಉಪಕಾರ

ಲೈಸೆನ್ಸ್ ಬಂದ ಮೇಲೆ ಮೊದಲ ಸಲ ಒಬ್ಬಳೇ ಹೊರಟೆ. ಮೊದಲ ಸರ್ಕಲ್ಲನ್ನು ಹೇಗೋ ದಾಟಿದೆ. ಎರಡನೆಯದರ ಒಳಗೆ ಹೋದೆ, ಹೊರಗೆ ಬರಲು ಯಾರೂ ಬಿಡಲಿಲ್ಲ. ಎಡಕ್ಕೆ ತಿರುಗೋಣ ಅಂದರೆ ಪಕ್ಕದಲ್ಲಿ ಬಸ್ಸು, ಬಸ್ಸು ಹೋದರೆ ಆಟೋ, ಆಟೋ ಹೋದರೆ ಒಂದೇ ಸ್ಕೂಟರಿನಲ್ಲಿ ಮೂರು ಜನ. ಸುತ್ತುತ್ತಲೇ ಇದ್ದೆ. ಮೂಲೆಯ ಎಳನೀರಿನವನು ಮೂರನೇ ಸುತ್ತಿನಲ್ಲಿ ನನ್ನನ್ನು ನೋಡಿ ನಕ್ಕ. ನಾಲ್ಕನೇ ಸುತ್ತಿನಲ್ಲಿ ಕೂಗಿ ಕೇಳಿದ, "ಆಂಟಿ, ಯಾರನ್ನಾದ್ರೂ ಹುಡುಕ್ತಾ ಇದೀರಾ?"

"ದಾರಿ ಬಿಡ್ತಾ ಇಲ್ಲಪ್ಪಾ!" ಅಂತ ಅಳುವ ದನಿಯಲ್ಲಿ ಕೂಗಿದೆ.

ಐದನೇ ಸುತ್ತಿಗೆ ಆ ಪುಣ್ಯಾತ್ಮ ಕೈಯಲ್ಲಿದ್ದ ಮಚ್ಚು ಸಮೇತ ರಸ್ತೆಗೆ ಇಳಿದು ಎರಡೂ ಕೈ ಅಗಲಿಸಿ ನಿಂತ. ಆಟೋ ನಿಂತಿತು. ಸ್ಕೂಟರಿನ ಮೂವರೂ ಇಳಿದುಬಿಟ್ಟರು. ಬಸ್ಸು ಹಿಂದಕ್ಕೇ ಹೋಯಿತು.

"ಹೋಗಿ ಆಂಟಿ, ಇನ್ಯಾರೂ ಬರಲ್ಲ" ಅಂದ.

ಅವನು ಬಿಡಿಸಿಕೊಟ್ಟದ್ದು ಸುಂಕದಕಟ್ಟೆ ಕಡೆಯ ರಸ್ತೆ. ನಾನು ಹೋಗಬೇಕಾಗಿದ್ದದ್ದು ನಾಗರಬಾವಿಗೆ. ಆದರೆ ಮಚ್ಚು ಹಿಡಿದವನು ಅಷ್ಟು ಪ್ರೀತಿಯಿಂದ ತೋರಿಸಿದ ದಾರಿಯನ್ನು ಬೇಡ ಅನ್ನಲು ನನಗೆ ಧೈರ್ಯ ಬರಲಿಲ್ಲ. ಸುಂಕದಕಟ್ಟೆಗೇ ಹೋಗಿ ಬಂದೆ.

ಬಲಗಡೆಯವರಿಗೆ ದಾರಿ

ಸರ್ಕಲ್ಲಿನಲ್ಲಿ ಬಲಗಡೆಯಿಂದ ಬರುವ ಗಾಡಿಗೆ ದಾರಿ ಬಿಡಬೇಕು ಅಂತ ಪುಸ್ತಕದಲ್ಲಿದೆ. ಎರಡನೇ ಸಲ ಹೊರಟಾಗ ಹಾಗೇ ಮಾಡಿದೆ. ನಾನು ನಿಲ್ಲಿಸಿದ್ದು ನೋಡಿ ಬಲಗಡೆಯವರು ಗಾಬರಿಯಾಗಿ ತಾವೂ ನಿಲ್ಲಿಸಿದರು. ಅವರ ಹಿಂದಿನವರೂ ನಿಲ್ಲಿಸಿದರು. ಒಬ್ಬರು ಇಳಿದು ಬಂದು ಕಿಟಕಿ ತಟ್ಟಿದರು.

"ಏನ್ ಮೇಡಮ್, ಕೆಟ್ಟೋಯ್ತಾ?"

"ಇಲ್ಲ ಸಾರ್, ನಿಮಗೆ ದಾರಿ ಬಿಟ್ಟಿದೀನಿ."

"ನಮಗಾ? ಯಾಕೆ?"

ಉತ್ತರ ಹೇಳುವಷ್ಟರಲ್ಲಿ ಹಿಂದಿನಿಂದ ನಾಲ್ಕು ಜನ ಬಂದು ಕಾರು ತಳ್ಳಲು ಶುರು ಮಾಡಿದ್ದರು. "ಎಂಜಿನ್ ಆನ್ ಇದೆ!" ಅಂತ ಕಿರುಚಿದೆ. "ಇರ್ಲಿ ಬಿಡಿ ಮೇಡಮ್, ಬ್ರೇಕ್ ಬಿಡಿ ಸಾಕು" ಅಂದರು. ಒಳ್ಳೆಯ ಜನ. ಸರ್ಕಲ್ ಪೂರ್ತಿ ದಾಟಿಸಿ, ಬೆವರು ಒರೆಸಿಕೊಂಡು, ಒಳ್ಳೆ ಮೆಕ್ಯಾನಿಕ್ಕಿನ ನಂಬರೂ ಕೊಟ್ಟರು. ಆ ನಾಲ್ವರಲ್ಲಿ ಒಬ್ಬರು ನಮ್ಮ ಬೀದಿಯ ಹಾಲಿನ ಬೂತಿನವರು. ನಾನು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು.

"ತಳ್ಳಿಸ್ಕೊಂಡು ದಾಟಿದ್ದು ಲೆಕ್ಕಕ್ಕಿಲ್ಲ" ಅಂದರು ಯಜಮಾನರು.

ಗಣಪನ ಸರ್ಕಲ್

ನೋಡನೋಡುತ್ತಾ ಯುಗಾದಿ ಬಂದೇ ಬಿಟ್ಟಿತು. ನಾದಿನಿ ಮನೆಗೆ ಒಬ್ಬಟ್ಟು ತಲುಪಿಸಬೇಕು. ಯಜಮಾನರು ತಾವೇ ಸ್ಟೀರಿಂಗ್ ಹಿಡಿದರು, ಪಕ್ಕದಲ್ಲಿ ನಮ್ಮ ಅತ್ತೆ, ಹಿಂದೆ ಒಬ್ಬಟ್ಟಿನ ಡಬ್ಬಿಯ ಜೊತೆ ನಾನು. "ಇವತ್ತು ನೋಡಿ ಕಲಿ" ಅಂದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಕೀ ಹೋಯಿತು ಅಂತ ಖಾತ್ರಿಯಾಗಿತ್ತು.

ಎರಡು ಸರ್ಕಲ್ ಬೆಣ್ಣೆಯಂತೆ ದಾಟಿಸಿದರು. ಮೂರನೆಯದರ ನಡುವೆ ಅರಳೀಮರ, ಅದರ ಕೆಳಗೆ ಪುಟ್ಟ ಗಣಪನ ಗುಡಿ. ನಾವು ಬಲಕ್ಕೆ ಹೋಗಬೇಕು. ಹಬ್ಬದ ದಿನ ರಸ್ತೆ ಖಾಲಿ. "ಯಾರೂ ಇಲ್ಲದಾಗ ಪೂರ್ತಿ ಸುತ್ತೋಕೆ ನಮಗೇನು ಹುಚ್ಚಾ?" ಅನ್ನುತ್ತಾ ಗುಡಿಯನ್ನು ಎಡಕ್ಕೆ ಬಿಟ್ಟು ಅಡ್ಡದಾರಿಯಲ್ಲಿ ಸರ‍್ರನೆ ತಿರುಗಿಸಿದರು.

"ನಿಲ್ಸೋ!" ಅಂತ ಕಿರುಚಿದರು ಅತ್ತೆ. "ವರ್ಷದ ಮೊದಲ್ನೇ ದಿನ ಗಣಪನಿಗೆ ಅಪ್ರದಕ್ಷಿಣೆ ಬಂದ್ಯಲ್ಲೋ! ತಿರುಗ್ಸು ಗಾಡಿ. ಸರಿಯಾಗಿ ಮೂರು ಸುತ್ತು ಹಾಕು, ಆಮೇಲೆ ಒಬ್ಬಟ್ಟು."

"ಅಮ್ಮಾ, ಇದು ರೋಡು!"

"ರೋಡಲ್ಲಿದ್ರೆ ದೇವರಲ್ವಾ? ತಿರುಗ್ಸು."

ಒಂದು ಸುತ್ತಾಯಿತು. ಎರಡನೇ ಸುತ್ತು ಮುಗಿಯುತ್ತಿದ್ದಂತೆ ಮರದ ಹಿಂದಿನಿಂದ ಟ್ರಾಫಿಕ್ ಪೊಲೀಸರು ಬಂದು ಕೈ ಅಡ್ಡ ಹಿಡಿದರು. "ಏನ್ ಸಾರ್, ಮೊದಲು ರಾಂಗ್ ಸೈಡಲ್ಲಿ ಹೋದ್ರಿ. ಈಗ ಸುತ್ತುತಾನೇ ಇದೀರ. ಎಲ್ಲಿಗೆ ಹೋಗ್ಬೇಕು?"

"ರಾಂಗ್ ಸೈಡಾ? ನಾನಾ?" ಅಂದರು ಯಜಮಾನರು.

"ಹೌದು ಕಣಪ್ಪಾ, ಬಂದ" ಅಂದರು ಅತ್ತೆ. "ಅದಕ್ಕೇ ಪ್ರಾಯಶ್ಚಿತ್ತ ಮಾಡಿಸ್ತಾ ಇದೀನಿ."

ಹೆತ್ತ ತಾಯಿಯ ಸಾಕ್ಷಿಯ ಮುಂದೆ ಯಾವ ವಾದ ನಿಲ್ಲುತ್ತದೆ? ಪೊಲೀಸರು ಡಿಎಲ್ ಕೇಳಿದರು. ಯಜಮಾನರು ಎದೆ ಉಬ್ಬಿಸಿ, "ಇಪ್ಪತ್ತೈದು ವರ್ಷದಿಂದ ಓಡಿಸ್ತಾ ಇದೀನಿ" ಅನ್ನುತ್ತಾ ಕೊಟ್ಟರು. ಪೊಲೀಸರು ಅದನ್ನು ತಿರುಗಿಸಿ ನೋಡಿ ಮೆಲ್ಲಗೆ ಹೇಳಿದರು, "ಸಾರ್, ನಿಮಗೆ ಐವತ್ತು ತುಂಬಿದ ದಿನಾನೇ ಇದು ಮುಗಿದೋಗಿದೆ."

ಆ ದಿನ ಕೇಕ್ ಕತ್ತರಿಸಿ, ಊಟಕ್ಕೆ ನಮ್ಮನ್ನೆಲ್ಲ ಅವರೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದರು.

"ಇವರು ಓಡಿಸೋ ಹಾಗಿಲ್ಲ. ಗಾಡೀಲಿ ಡಿಎಲ್ ಇರೋರು ಬೇರೆ ಯಾರಾದ್ರೂ ಇದಾರಾ?"

ನಾನು ಕ್ಲಾಸಿನ ಮಕ್ಕಳ ಹಾಗೆ ಕೈ ಎತ್ತಿದೆ. ಪೊಲೀಸರು ಕೀ ತೆಗೆದು ನನ್ನ ಕೈಗೇ ಕೊಟ್ಟರು. ಆ ಸಂತೋಷವನ್ನು ಹೇಗೆ ಹೇಳಲಿ! ದಂಡದ ರಸೀದಿ ಹಿಡಿದುಕೊಂಡು ಯಜಮಾನರು ಹಿಂದಿನ ಸೀಟಿಗೆ ಹೋಗಿ, ಒಬ್ಬಟ್ಟಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತರು.

"ಎರಡಾಗಿದೆ ಕಣಮ್ಮ, ಇನ್ನೊಂದು ನೀನು ಹಾಕು" ಅಂದರು ಅತ್ತೆ.

ಗಣಪನನ್ನು ಬಲಕ್ಕಿಟ್ಟುಕೊಂಡು ನಿಧಾನವಾಗಿ ಹೊರಟೆ. ಪೊಲೀಸರೇ ನಿಂತು ದಾರಿ ಬಿಡಿಸಿದರು. ಅರ್ಧ ಸುತ್ತು ಬಂದಿರಲಿಲ್ಲ, ಹಿಂದಿನಿಂದ ಯಜಮಾನರ ದನಿ ಬಂತು, "ಇಂಡಿಕೇಟರ್ ಹಾಕು."

ಅತ್ತೆ ತಿರುಗಿ ಕೂಡ ನೋಡಲಿಲ್ಲ. "ನೀನು ಸುಮ್ನೆ ಕೂತ್ಕೊಳೋ. ಲೈಸೆನ್ಸ್ ಇರೋರು ಓಡಿಸ್ತಾ ಇದಾರೆ."