ಬೈದೆನೆಂದು ದಂಡು ಬಿಟ್ಟು ಹೋದ ವೈದ್ಯೆ ಮಿರೆಲ್ ಅಮ್ಮನವರಿಗೆ

ಮಾನ್ಯರೇ,

ಸಕಲ ವಿಷಗಳಿಗೂ ಮದ್ದು ಬಲ್ಲವರೂ, ಬಿಳಿ ನಿಲುವಂಗಿಗೆ ಒಂದು ಹನಿ ಕೆಸರು ತಾಗದಂತೆ ಜೌಗಿನಲ್ಲಿ ನಡೆಯಬಲ್ಲವರೂ, ಧರ್ಮ ಯಾವುದು ಅಧರ್ಮ ಯಾವುದು ಎಂಬುದನ್ನು ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನ ಮಾಡಿಬಿಡುವವರೂ ಆದ ತಮ್ಮ ಪಾದಗಳು ಈಗ ಯಾವ ರಾಜ್ಯದ ಯಾವ ದಾರಿಯಲ್ಲಿವೆಯೋ ನನಗೆ ತಿಳಿಯದು. ಎಲ್ಲಿದ್ದರೂ ಮಲ್ಲಂದೂರಿನ ತಮ್ಮಯ್ಯನ ನಮಸ್ಕಾರ ಅಲ್ಲಿಗೇ ಮುಟ್ಟಲಿ. ವಿಳಾಸ ಇಟ್ಟು ಹೋಗುವಷ್ಟು ಸೌಜನ್ಯವನ್ನು ತಾವು ತೋರಿಸದ ಕಾರಣ ಈ ಪತ್ರವನ್ನು ಪೇಪರಿನವರ ಕೈಗೆ ಕೊಟ್ಟಿದ್ದೇನೆ. ತಮ್ಮನ್ನು ತಯಾರು ಮಾಡಿದ ಕಂಪನಿಯವರು ಓದಿದರೂ ನನಗೇನೂ ನಷ್ಟವಿಲ್ಲ.

ಓದುವ ಬೇರೆ ಜನಕ್ಕೆ ವಿಷಯ ಹೇಳಬೇಕಲ್ಲ. ನಾನು ಕಾಫಿ ಎಸ್ಟೇಟಿನಲ್ಲಿ ಆಳುಗಳ ಮೇಸ್ತ್ರಿಯಾಗಿದ್ದು ಬಿಟ್ಟವನು, ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಹೋದ ಮಳೆಗಾಲದಲ್ಲಿ ತೋಟದ ಏರಿನಲ್ಲಿ ಜಾರಿ, ಕಾಲು ಮುರಿದುಕೊಂಡು ಮನೆಯಲ್ಲಿ ಬಿದ್ದಿದ್ದಾಗ, ನನ್ನ ಬಾಯಿ ತಡೆಯಲಾರದೆ ಮಗ ಬಾಲರಾಜ್ ಚಿಕ್ಕಮಗಳೂರಿನ ತನ್ನ ರಿಪೇರಿ ಅಂಗಡಿಯಿಂದ ಒಂದು ಹಳೇ ಕಂಪ್ಯೂಟರ್ ತಂದು ಮಂಚದ ಪಕ್ಕ ಇಟ್ಟ. ಅದಕ್ಕೊಂದು ಸಿ.ಡಿ. ಹಾಕಿದರೆ ಕೋಟೆ, ಕಾಡು, ರಾಕ್ಷಸರು ಇರುವ ಒಂದು ಆಟ ಬರುತ್ತದೆ. ಅದರಲ್ಲಿ ನಾನು ದಂಡಿನ ನಾಯಕ. ಜೊತೆಗಾರರು ಇಬ್ಬರು: ಕೊಡಲಿ ಹಿಡಿದ ಕುಳ್ಳ ಗ್ರುಮ್, ಮದ್ದಿನ ಚೀಲ ಹಿಡಿದ ತಾವು. ಮಾತೆಲ್ಲ ಇಂಗ್ಲಿಷ್ ಆದ್ದರಿಂದ ಸೊಸೆ ಕುಸುಮಾ ಪಕ್ಕದಲ್ಲಿ ಕೂತು ಓದಿ ಹೇಳುತ್ತಾಳೆ. ಪರದೆಯ ಮೇಲೆ ಬರುವ ಮಾತುಗಳಲ್ಲಿ ಯಾವುದನ್ನು ಆಡಬೇಕೆಂದು ನಾನು ಹೇಳುತ್ತೇನೆ, ಅವಳು ಒತ್ತುತ್ತಾಳೆ. ನಾನು ಮಾಡಿದ್ದು ಜೊತೆಗಾರರಿಗೆ ಹಿಡಿಸಿದರೆ ಪರದೆಯ ಮೂಲೆಯಲ್ಲಿ ಒಂದು ಹೃದಯ ಕೆಂಪಗೆ ತುಂಬುತ್ತದೆ, ಹಿಡಿಸದಿದ್ದರೆ ಇಳಿಯುತ್ತದೆ. ಪೂರ್ತಿ ಇಳಿದರೆ ಅವರು ದಂಡು ಬಿಟ್ಟು ಹೋಗುತ್ತಾರೆ. ತಾವು ಹಾಗೆ ಹೋದಿರಿ. ಹೋದದ್ದರಿಂದ ಒಬ್ಬ ಮನುಷ್ಯ ಹಾವಿನ ಗುಹೆಯಲ್ಲಿ ಬಿದ್ದಿದ್ದಾನೆ. ಅದೇ ನನ್ನ ತಕರಾರು.

ಆದರೆ ದೊಡ್ಡವರಿಗೆ ಬರೆಯುವಾಗ ಮೊದಲು ಹೊಗಳಬೇಕಂತೆ, ಹೊಗಳುತ್ತೇನೆ. ತಮ್ಮ ನ್ಯಾಯ ನೋಡಿ ನಾನು ದಂಗಾಗಿದ್ದೇನೆ. ಒಂದು ಊರಲ್ಲಿ ಕುಂಬಾರನ ಮನೆಗೆ ನುಗ್ಗಿ, ಆ ಬಡಪಾಯಿ ಎದುರಿಗೇ ನಿಂತು ಇವತ್ತು ಬಿಸಿಲು ಚೆನ್ನಾಗಿದೆ ಎನ್ನುತ್ತಿರುವಾಗಲೇ, ಅವನ ಪೆಟ್ಟಿಗೆ ತೆಗೆದು ಹೆಂಡತಿಯ ಬಳೆ, ಹೊದೆಯುವ ಕಂಬಳಿ, ತಿನ್ನುವ ರೊಟ್ಟಿ ಎಲ್ಲ ಬಾಚಿಕೊಂಡೆವು. 'ಮಾವ, ಇದು ಕಳ್ಳತನ ಅಲ್ವಾ?' ಅಂದಳು ಕುಸುಮಾ. ನನಗೂ ಮುಖ ಸಣ್ಣದಾಯಿತು. ತಮ್ಮ ಹೃದಯ ಮಾತ್ರ ಒಂದು ಗೆರೆಯೂ ಕದಲಲಿಲ್ಲ, ಅದೇ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ತಾವು ಕರುಣೆಯ ಬಗ್ಗೆ ಒಂದು ಶ್ಲೋಕ ಹೇಳಿದಿರಿ. ಅಲ್ಲಿಂದ ಹೊರಟು ಗುಡಿಯ ಪಕ್ಕದಲ್ಲಿ ಬಿದ್ದು ಇರುವೆ ಮುತ್ತಿದ್ದ ಒಂದು ಹಣ್ಣು ಎತ್ತಿಕೊಂಡೆ ನೋಡಿ, ದೇವರ ಸೊತ್ತು ಮುಟ್ಟಿದೆ ಎಂದು ಕೆರಳಿ ಅರ್ಧ ಹೃದಯ ಇಳಿಸಿಬಿಟ್ಟಿರಿ! ನಮ್ಮ ಕಡೆ ಬಿದ್ದ ಹಣ್ಣು ತಿಂದವನನ್ನು ಕಳ್ಳ ಎಂದರೆ, ಎಂದವನ ಮನೆಗೆ ಮಾರನೇ ದಿನದಿಂದ ಯಾರೂ ಹೋಗುವುದಿಲ್ಲ.

ಇನ್ನೊಂದು ದಿನ ಮಲಗಿದ್ದ ದರೋಡೆಕೋರರ ಗುಡಾರಗಳಿಗೆ ಗ್ರುಮ್ ಮಾತು ಕೇಳಿ ಬೆಂಕಿ ಇಟ್ಟೆವು. ಬೆಳಕು ಗೆದ್ದಿತು ಎಂದು ತಾವು ಕೈಜೋಡಿಸಿದಿರಿ, ಹೃದಯ ಒಂದು ಗೆರೆ ತುಂಬಿ ಬಂತು. ಒಳಗೆ ಅಡುಗೆಯವರೋ ಕುದುರೆಯವರೋ ಇದ್ದರೇನೋ ಕೇಳಿ ಎಂದು ನಾನು ಅಂದೆ. ಹಾಗೆ ಕೇಳುವುದಕ್ಕೆ ಇದರಲ್ಲಿ ಮಾತೇ ಕೊಟ್ಟಿಲ್ಲ ಮಾವ ಅಂದಳು ಕುಸುಮಾ. ಆ ಗ್ರುಮ್ ಮಹಾಶಯನೂ ಕಡಿಮೆಯಿಲ್ಲ. ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಕಡಿಯೋಣ ಎನ್ನುವವನು, ನಾನು ಒಂದು ಕುಂಟುಕತ್ತೆ ಮಾರಿದ್ದಕ್ಕೆ ಗೋಳೋ ಎಂದು ಅತ್ತು ಊಟ ಬಿಟ್ಟ. ಅವನ ಕೋಪ ಇಳಿಸುವುದಕ್ಕೆ ಒಂದು ಬುಂಡೆ ಹೆಂಡ ಕೊಟ್ಟರೆ ಸಾಕು ಎಂದು ಆಮೇಲೆ ಗೊತ್ತಾಯಿತು. ತಮಗೆ ಹಳದಿ ಹೂವು. ಊರು ಸುಟ್ಟು ಬಂದು ಹೂವು ಕೊಟ್ಟರೂ ನಗುತ್ತೀರಿ, ಕೂಸನ್ನು ಹೊಳೆಯಿಂದ ಎತ್ತಿ ಬಂದು ಕೊಟ್ಟರೂ ಅಷ್ಟೇ ನಗುತ್ತೀರಿ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ ಹುಚ್ಚಮ್ಮ, 'ಈ ಬುದ್ಧಿ ಆವಾಗ್ಲೇ ಇದ್ದಿದ್ರೆ ನಂಗೂ ಒಂದು ಮೊಳ ಹೂ ಸಿಕ್ತಿತ್ತು' ಅಂದಳು. ಇದನ್ನೂ ತಮ್ಮಿಂದಾಗಿಯೇ ಕೇಳಬೇಕಾಯಿತು.

ಈಗ ಆ ದಿನದ ವಿಷಯ. ನಮ್ಮ ಬಿಡಾರದ ಬಾಗಿಲಿಗೆ ಒಬ್ಬ ಹೆಂಗಸು ಖಾಲಿ ಪಾತ್ರೆ ಹಿಡಿದು ಬಂದಳು. ಗಂಡನನ್ನು ಹಾವಿನ ಗುಹೆಯಲ್ಲಿ ಕಟ್ಟಿಹಾಕಿದ್ದಾರೆ, ಮಕ್ಕಳು ಹಸಿದಿದ್ದಾರೆ, ಒಂದು ಮೂಟೆ ಧಾನ್ಯ ಕೊಡಿ ಅಂದಳು. ಅವಳ ಹಿಂದೆ ಬೇರೆ ಜನವೂ ನಿಂತಿದ್ದರು. ಪರದೆಯ ಮೇಲೆ ನನಗೆ ಆಡಲು ಎರಡೇ ಮಾತು ಇದ್ದವು. ಒಂದು: ದೇವರು ನಿನ್ನನ್ನು ಕಾಯಲಿ ತಾಯಿ, ಕಾಲ ಕೂಡಿ ಬರಲಿ. ಎರಡು: ಇದೇನು ನಿಮ್ಮಪ್ಪನ ಕಣಜವೇ, ನಡಿ ಆಚೆಗೆ. ನಾನು ಎರಡನೆಯದನ್ನು ಒತ್ತಮ್ಮ ಅಂದೆ. ಕುಸುಮಾ ನನ್ನ ಮುಖ ನೋಡಿದಳು. ಒತ್ತು ಅಂದೆ.

ಯಾಕೆ ಅಂದೆ ಎಂದು ತಾವು ಒಂದು ಮಾತು ಕೇಳಬಹುದಿತ್ತು. ಹಾಜರಿ ಕೂಗುವ ಜಾಗದಲ್ಲಿ ನಿಂತು ಜೀವ ತೇದವರಿಗೆ ಮಾತ್ರ ತಿಳಿಯುವ ವಿಷಯ ಅದು. ಕುಯ್ಲಿನ ಸಮಯದಲ್ಲಿ ಒಬ್ಬಳು ಬಂದು ರಜೆ ಕೇಳುತ್ತಾಳೆ. ಎಲ್ಲರ ಎದುರಿಗೆ ಆಗಲಮ್ಮ ಹೋಗಿ ಬಾ ಅಂದರೆ ಹಿಂದಿನವರೆಲ್ಲ ಅವತ್ತೇ ರಜೆ ಕೇಳುತ್ತಾರೆ, ಹಣ್ಣು ಗಿಡದಲ್ಲೇ ಒಣಗುತ್ತದೆ, ಸಾಹುಕಾರರು ನನ್ನನ್ನು ಒಣಗಿಸುತ್ತಾರೆ. ಅದಕ್ಕೇ ಮೊದಲು ತೋಟ ನಡುಗುವ ಹಾಗೆ ಬೈಯುವುದು. ಆಮೇಲೆ ಆಳುಗಳು ಇರುವ ಲೈನ್ ಮನೆಯ ಹಿಂದಿನಿಂದ ಹೋಗಿ, ಬಸ್ಸಿಗೆ ಹೊತ್ತಾಯಿತು ಹೊರಡು ಅನ್ನುವುದು. ರಂಗಮ್ಮ ಎಂಬ ಹೆಂಗಸು ಮಗಳ ಬಾಣಂತನಕ್ಕೆ ಹೊರನಾಡಿಗೆ ಹೋಗಬೇಕು ಅಂದಾಗ, ಮಗಳೇನು ನನ್ನ ಕೇಳಿ ಬಸುರಾದಳಾ ಎಂದು ನಾನು ಕೂಗಿದ ಕೂಗಿಗೆ ಮರದ ಮಂಗಗಳು ಓಡಿದವು. ರಂಗಮ್ಮ ಮಾತ್ರ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕು ಬಟ್ಟೆ ಗಂಟು ಕಟ್ಟಲು ಹೋದಳು. ತಮ್ಮಯ್ಯ ಬೈದ ಅಂದರೆ ಕೆಲಸ ಆಯಿತು ಎಂದು ಲೈನಿನ ಕೂಸುಗಳಿಗೂ ಗೊತ್ತಿತ್ತು. ನಾನು ಮೆತ್ತಗೆ ಮಾತಾಡಿದ ದಿನ ಜನ ಹೆದರುತ್ತಿದ್ದರು.

ತಾವಾದರೋ ನನ್ನ ಬೈಗುಳ ಪೂರ್ತಿಯಾಗುವ ಮುಂಚೆಯೇ, ಕಲ್ಲೆದೆಯವನ ಜೊತೆ ಒಂದು ಹೆಜ್ಜೆಯನ್ನೂ ಇಡಲಾರೆ ಎಂದು ಹೇಳಿ ಚೀಲ ಹೆಗಲಿಗೇರಿಸಿದಿರಿ. ಬಿದ್ದ ಹಣ್ಣಿಗೆ ಇಳಿದಿದ್ದ ಹೃದಯ, ಉಳಿದದ್ದೂ ಖಾಲಿಯಾಯಿತು. ಬೇಲಿ ದಾಟುವವರೆಗೂ ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ ನಾನು ಬಿಡಾರದ ಹಿಂಬಾಗಿಲಿನಿಂದ ಹೋಗಿ ಆ ಹೆಂಗಸಿಗೆ ಒಂದು ಕೇಳಿದ್ದಕ್ಕೆ ಎರಡು ಮೂಟೆ ಕೊಟ್ಟದ್ದು ಕಾಣುತ್ತಿತ್ತು. ಅವಳು ತಲೆ ಮೇಲೆ ಹೊತ್ತುಕೊಂಡು ಹೋದಳು. ಅವಳ ಗುಡಿಸಲಿನ ಒಲೆಯಿಂದ ಹೊಗೆ ಎದ್ದಿತು. ಕುಸುಮಾ ಚಪ್ಪಾಳೆ ತಟ್ಟಿದಳು. ಮೂಲೆಯಲ್ಲಿ ತಮ್ಮ ಹೃದಯ ಇದ್ದ ಜಾಗ ಮಾತ್ರ ಬರಿದು.

ಈಗ ಅವಳ ಗಂಡನ ಗತಿ ಕೇಳಿ. ಗುಹೆಯ ಹಾವುಗಳ ವಿಷಕ್ಕೆ ಮದ್ದು ಇರುವುದು ತಮ್ಮ ಚೀಲದಲ್ಲಿ ಮಾತ್ರ. ನಾನೂ ಗ್ರುಮ್ಮೂ ಹೋದಾಗಲೆಲ್ಲ ಬಾಗಿಲಲ್ಲೇ ನೀಲಿಗಟ್ಟಿ ಬೀಳುತ್ತೇವೆ. ಯಾರ ಮೇಲಿನ ಮರುಕಕ್ಕೆ ತಾವು ಸಿಟ್ಟಾಗಿ ಹೋದಿರೋ, ಅವಳ ಗಂಡನೇ ತಮ್ಮ ಮರುಕದ ದೆಸೆಯಿಂದ ಒಳಗೆ ಉಳಿದಿದ್ದಾನೆ. ಇಂಥ ಕರುಣೆಯನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ, ತಮಗೆ ಮತ್ತೊಮ್ಮೆ ನಮಸ್ಕಾರ.

ನನ್ನ ಗೊಣಗಾಟ ಕೇಳಲಾರದೆ ಕುಸುಮಾ ಒಂದು ಉಪಾಯ ಹೇಳಿದಳು: ಆಟವನ್ನು ಹಿಂದಕ್ಕೆ ತಿರುಗಿಸಬಹುದಂತೆ, ಆಡಿದ ಮಾತನ್ನು ಆಡದ ಹಾಗೆ ಮಾಡಬಹುದಂತೆ. 'ಒಂದೇ ಒಂದ್ಸಲ ಸಿಹಿ ಮಾತು ಆಡಿ ನೋಡಿ ಮಾವ, ಬಾಯೇನೂ ಸುಟ್ಟು ಹೋಗಲ್ಲ' ಅಂದಳು. ಆಡಿದೆ. ದೇವರು ಕಾಯಲಿ ತಾಯಿ ಅಂದೆ. ತಮ್ಮ ಹೃದಯ ಉಕ್ಕಿತು. ಹೆಂಗಸು ಖಾಲಿ ಪಾತ್ರೆ ಹಿಡಿದು ತಿರುಗಿ ನಡೆದಳು. ನಾನು ಅವಸರವಾಗಿ ಹಿಂಬಾಗಿಲಿಗೆ ಮೂಟೆ ತರುವುದರೊಳಗೆ ಅವಳೂ ಇಲ್ಲ, ಮಕ್ಕಳೂ ಇಲ್ಲ. ಗುಡಿಸಲಿನ ಒಲೆ ತಣ್ಣಗಿತ್ತು. ಸರಿ, ಗಂಡನನ್ನಾದರೂ ಬಿಡಿಸೋಣ ಎಂದು ತಮ್ಮ ಮದ್ದು ಕುಡಿದು ಗುಹೆಗೆ ನುಗ್ಗಿ ಅವನ ಹಗ್ಗ ಬಿಚ್ಚಿದೆ. ಅವನು ಹೊರಗೆ ಬಂದು ಕಣ್ಣುಜ್ಜಿಕೊಂಡು ನನ್ನ ಹೆಂಡತಿ ಮಕ್ಕಳು ಎಲ್ಲಿ ಎಂದು ಕೇಳಿದ. ತಾವು ಮುಂದೆ ಬಂದು ನನ್ನ ಕಡೆ ಕೈ ತೋರಿಸಿ, ಇವರಂಥ ಮೃದು ಹೃದಯದ ನಾಯಕ ಭೂಮಿಯ ಮೇಲೆ ಇನ್ನೊಬ್ಬನಿಲ್ಲ ಅಂದಿರಿ.

ನಿಲ್ಲಿಸಮ್ಮ ಅಂದೆ. ನಾನು ಬೈದ ಕಡೆಗೇ ವಾಪಸ್ ಕರೆದುಕೊಂಡು ಹೋಗು ಅಂದೆ. ಕುಸುಮಾ ಕರೆದುಕೊಂಡು ಬಂದಳು.

ಆದ್ದರಿಂದ ತಮ್ಮಲ್ಲಿ ನನ್ನ ಅರಿಕೆ ಇಷ್ಟು. ತಾವು ಈ ಪತ್ರ ಕಂಡ ಕೂಡಲೇ ಚೀಲ ಸಮೇತ ಗುಹೆಯ ಬಾಗಿಲಿಗೆ ಬರತಕ್ಕದ್ದು. ನನ್ನ ಜೊತೆ ಮಾತಾಡಬೇಕಾಗಿಲ್ಲ, ಮುಖ ತಿರುಗಿಸಿಕೊಂಡೇ ಮದ್ದು ಅರೆಯಬಹುದು. ಆ ಮನುಷ್ಯ ಮನೆ ಸೇರಿದ ಮೇಲೆ ಒಂದು ಕುಯ್ಲಿನ ಕಾಲ ಮಲ್ಲಂದೂರಿನಲ್ಲಿ ಹಾಜರಿಗೆ ನಿಂತು, ಯಾರು ಬೈದು ಕೊಡುತ್ತಾರೆ, ಯಾರು ನಕ್ಕು ಕಳಿಸುತ್ತಾರೆ ಎಂಬುದನ್ನು ಕಲಿತು ಹೋಗುವುದು. ನಿಲುವಂಗಿಗೆ ಕೆಸರಾದರೆ ಒಗೆಯಲು ಸೋಪು ನನ್ನದು. ಹೃದಯದ ಗುರುತನ್ನು ಖಾಲಿಯೇ ಇಟ್ಟುಕೊಳ್ಳಿ, ನನಗೆ ಬೇಕಾಗಿಲ್ಲ. ಇಲ್ಲಿ ಹೆಂಗಸು ಉಂಡಿದ್ದಾಳೆ, ಮಕ್ಕಳು ಉಂಡಿದ್ದಾರೆ, ಗಂಡ ಬರುವುದೊಂದು ಬಾಕಿ. ನಾನು ಕೊಡಲಿಯವನ ಜೊತೆ ಗುಹೆಯ ಬಾಗಿಲಲ್ಲೇ ನಿಂತಿದ್ದೇನೆ.

ಬೈಯುವುದನ್ನು ಬಿಡುವ ಭರವಸೆ ಕೊಡಲಾರದ,
ತಮ್ಮ ವಿಶ್ವಾಸಿ,
ತಮ್ಮಯ್ಯ, ಮಾಜಿ ಮೇಸ್ತ್ರಿ
ಮಲ್ಲಂದೂರು

ವಿ.ಸೂ.: ಈ ಪತ್ರವನ್ನು ಗಟ್ಟಿಯಾಗಿ ಓದಿದಾಗ ಹುಚ್ಚಮ್ಮ ತಮ್ಮ ಪರವಾಗಿಯೇ ಮಾತಾಡಿದಳು ಎಂಬುದನ್ನು ಮುಚ್ಚಿಡುವುದಿಲ್ಲ. 'ಬೈಗುಳದ ಹಿಂದೆ ಅಕ್ಕಿ ಬರುತ್ತೆ ಅಂತ ಹೊಸಬಳಿಗೆ ಹೆಂಗೆ ಗೊತ್ತಾಗ್ಬೇಕು? ನಂಗೇ ಗೊತ್ತಾಗೋಕೆ ಎರಡು ಹೆರಿಗೆ ಆಗ್ಬೇಕಾಯ್ತು' ಅಂದಳು. ತಮಗೆ ಅಷ್ಟು ಕಾಲಾವಕಾಶ ಕೊಡಲು ನನ್ನ ಅಭ್ಯಂತರವಿಲ್ಲ. ಗುಹೆಯೊಳಗಿರುವವನನ್ನು ಒಂದು ಮಾತು ಕೇಳಿಕೊಳ್ಳಿ.