ಮೂಲೆ ಇಲ್ಲದ ಮನೆ

ನಮ್ಮ ಸೋದರಮಾವ ಯಾವುದನ್ನೂ ನೆಕ್ಕಿ ನೋಡದೆ ನಂಬುವವರಲ್ಲ! ಉತ್ಪ್ರೇಕ್ಷೆ ಎನ್ನುತ್ತೀರಾ? ತಾವು ಕಟ್ಟಿದ ಮನೆಯ ನೆಲವನ್ನೂ ಬಿಡಲಿಲ್ಲ, ಕಟ್ಟೆಯನ್ನೂ ಬಿಡಲಿಲ್ಲ. ನಾನೇ ಸಾಕ್ಷಿ.

ಮಾಮಾ ಹುನಗುಂದದ ಶಾಲೆಯಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಒಂದು ದಿನ ಮೊಬೈಲಿನಲ್ಲಿ ಮಂಗೋಲಿಯಾದ ಕುರಿಗಾಹಿಗಳ ದುಂಡನೆಯ ಮನೆ ನೋಡಿದರು. ಕಟ್ಟಿಗೆಯ ಜಾಳಿಗೆಯೇ ಗೋಡೆ, ಮೇಲೆ ಉಣ್ಣೆಯ ಹೊದಿಕೆ, ಹೆಸರು ಯರ್ಟ್. ಅಷ್ಟೇ! ಅಮೀನಗಡ ರಸ್ತೆಯ ತಮ್ಮ ಹೊಲದಲ್ಲಿ ಅಂಥದೊಂದನ್ನು ಕಟ್ಟಿಯೇ ತೀರುತ್ತೇನೆಂದು ಎದ್ದು ನಿಂತರು. ನೆಲ ಮಣ್ಣಿನದೇ ಆಗಬೇಕು. ಪೇಂಟು, ವಾರ್ನಿಷ್ ಹತ್ತಿರ ಸುಳಿಯಕೂಡದು.

ಬಡಿಗೇರ ಮೊದಲ ದಿನವೇ ಕಂಗಾಲಾದ.

"ಮಾಸ್ತರ್ರ, ಯಾವ ಮೂಲಿಯಿಂದ ಸುರು ಮಾಡ್ಲಿರಿ?"

"ಮೂಲಿನ ಇಲ್ಲಲೇ!"

"ಮತ್ತ ಕಸಬರಗಿ ಎಲ್ಲಿ ಇಡೂದ್ರಿ?"



ಜಾಳಿಗೆ ಎದ್ದು ನಿಂತಿತು. ಮೇಲೆ ಹೊದಿಸಲು ಕಂಬಳಿಗಳನ್ನು ಕೂಡಿಸಿ ಹೊಲಿಸಿದರು. ದಾರಿಯಲ್ಲಿ ಹೊರಟಿದ್ದ ಕುರಿ ಕಾಯುವವನೊಬ್ಬ ಸುತ್ತಲೂ ತಿರುಗಿ ನೋಡಿ ಕೇಳಿದ, "ಇದ್ರಾಗ ಎಷ್ಟು ಕುರಿ ಹಿಡಿತಾವ್ರಿ?"

"ಕುರಿಗಲ್ಲೋ, ಇದ್ರಾಗ ನಾ ಇರಾಂವ!"

ಅವನ ಮುಖ ಸಣ್ಣದಾಯಿತು. "ಅಯ್ಯ... ಮನ್ಯಾಗ ಜಗಳಾ ಏನ್ರಿ?"

ಜಗಳ ಇದ್ದದ್ದು ಸುಳ್ಳಲ್ಲ. "ಕಂಬಳಿ ಗುಡಸಲದಾಗ ನಾ ಕಾಲಿಡಾಂಗಿಲ್ಲ" ಎಂದು ಅತ್ತೆ ಹೇಳಿಬಿಟ್ಟಿದ್ದರು.

ಇನ್ನು ನೆಲದ ಕಥೆ. ಮೊದಲು ಹೊಲದ ಎರೆಮಣ್ಣನ್ನೇ ಹಾಕಿ ಬಡಿದರು. ಒಣಗಿದ್ದೇ ತಡ, ಕೈ ತೂರುವಷ್ಟು ಬಿರುಕು! ಒಂದು ಬಿರುಕು ಮಾಮಾನ ಕನ್ನಡಕವನ್ನೇ ನುಂಗಿತು. ಎಲ್ಲ ಕಿತ್ತು, ಬಾದಾಮಿ ಕಡೆಯ ಕೆಂಪು ಮಣ್ಣು ತರಿಸಿ, ಉಸುಕು, ಹೊಟ್ಟು, ಸೆಗಣಿ ಬೆರೆಸಿ ತುಳಿದರು. ರವಿವಾರ ಬಾಗಲಕೋಟೆಯಿಂದ ಸಹಾಯಕ್ಕೆ ಹೋಗುತ್ತಿದ್ದ ನಾನೂ ತುಳಿದೆ. ಒಣಗಿದ ಮೇಲೆ ಹೊಳಪಿಗೆ ಅಗಸೆ ಎಣ್ಣೆ ಕುಡಿಸಿದರು.

"ಬಾಯಾಗ ಇಡಾಕ ಆಗದ್ದನ್ನ ಮನಿಗೆ ಹಚ್ಚಾಂಗಿಲ್ಲ ಯವ್ವಾ" ಎಂದವರೇ ಬಗ್ಗಿ ನೆಲಕ್ಕೆ ನಾಲಿಗೆ ತಾಗಿಸಿದರು. "ಉಪ್ಪು ಖಾರಾ ಹಾಕಿದ್ರ ಚಟ್ನಿನ ಇದು!"

ಈ ಉತ್ಸಾಹದಲ್ಲಿ, ಒಳಗಿನ ಕಟ್ಟೆಗೆ ಆಗಷ್ಟೇ ಬಳಿದಿದ್ದ ಹಸಿ ಸುಣ್ಣಕ್ಕೂ ನಾಲಿಗೆ ಹಚ್ಚಿದರು ನೋಡಿ! ಸುಟ್ಟು ಬೊಬ್ಬೆ ಎದ್ದಿತು. ಮೂರು ದಿನ ಮಾತಿಲ್ಲ. ಅತ್ತೆ ಫೋನಿನಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಸುಣ್ಣ ಇನ್ನೂ ಉಳದೈತೇನ?"

ಮನೆ ಮುಗಿಯಿತು. ಪ್ರವೇಶದ ದಿನ ಬಂಧುಗಳ ಒತ್ತಾಯಕ್ಕೆ ಅತ್ತೆಯೂ ಗೊಣಗುತ್ತಲೇ ಬಂದರು. ಊಟ ಮುಗಿಸಿ ನಾನೂ ಮಾಮಾನೂ ಹೊರಗೆ ಬೇವಿನ ನೆರಳಿನಲ್ಲಿ ಕುಳಿತೆವು.

"ಮಾಮಾ, ಈ ವಯಸ್ಸಿನ್ಯಾಗ ಇದೆಲ್ಲಾ ಯಾಕ ಬೇಕಾಗಿತ್ತು?"

ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

"ಹೋದ ದೀಪಾವಳಿಗೆ ಊರಾಗಿನ ಮನಿಗೆ ಪೇಂಟ್ ಹೊಡಿಸಿದ್ನಿ. ಆ ವಾಸನಿಗೆ ನಿಮ್ಮತ್ತೀಗೆ ದಮ್ಮ ಎದ್ದು ದವಾಖಾನಿಗೆ ಒಯ್ಯಬೇಕಾತು. ಯಾರಿಗೂ ಹೇಳಬ್ಯಾಡ ಅಂದ್ಲು. ಆವತ್ತಿನಿಂದ ಆ ಮನ್ಯಾಗ ಮಲಕೊಂಡ್ರ ಉಸುರ ಹತ್ತತದ. ಗ್ವಾಡಿಗೆ ಆತು ಕುಂತ ನಿದ್ದಿ ಮಾಡ್ತಾಳ." ಅಂಗೈಯನ್ನು ನೋಡಿಕೊಂಡರು. "ಆ ಬಣ್ಣಾ ನಾನ ಆರಿಸಿ ತಂದಿದ್ನಿ ಯವ್ವಾ. ಆಕಿಗೆ ಸೇರತದಂತ."

ನಾನು ಎದ್ದು ಒಳಗೆ ಇಣುಕಿದೆ. ಚಾಪೆಯನ್ನೂ ಹಾಸಿಕೊಳ್ಳದೆ ಅತ್ತೆ ಆ ಕೆಂಪು ನೆಲದ ಮೇಲೆ ಅಂಗಾತ ಮಲಗಿ ಗಾಢ ನಿದ್ದೆಯಲ್ಲಿದ್ದರು. ಎದೆಯ ಮೇಲಿನ ಸೆರಗು ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು.

ಅಷ್ಟರಲ್ಲಿ ದುಂಡು ಮನೆ ನೋಡಲು ಪಕ್ಕದ ಹೊಲದವರು ಗುಂಪುಗಟ್ಟಿ ಬಂದರು. ಆವರೆಗೆ ದಾರಿಹೋಕರನ್ನೂ ಎಳೆದು ತಂದು ಮನೆ ತೋರಿಸುತ್ತಿದ್ದ ಮಾಮಾ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತು ಕೈ ಮುಗಿದರು.

"ನಾಳಿ ಬರ್ರಿ," ಎಂದರು ಪಿಸುದನಿಯಲ್ಲಿ. "ಆಕಿ ಮಲಗ್ಯಾಳ."